ಜಪಾನೀಯರು ಎಷ್ಟು ಜನ ವಿದೇಶಕ್ಕೆ ಹೊರಡುತ್ತಾರೆ? ಪಾಸ್‌ಪೋರ್ಟ್ ಎಣಿಸಿ ಹೇಳಿದೆ

2024ರಲ್ಲಿ ಜಪಾನಿನಿಂದ ವಿದೇಶಕ್ಕೆ ಹೋದವರು ಸುಮಾರು 1 ಕೋಟಿ 30 ಲಕ್ಷ. ಹಿಂದಿನ ವರ್ಷದ ಕೊನೆಗೇ ನಾನು 1 ಕೋಟಿ 25ರಿಂದ 35 ಲಕ್ಷದೊಳಗೆ ಅಂತ ಆಫೀಸಿನಲ್ಲಿ ಬರೆದು ಕೊಟ್ಟಿದ್ದೆ. ಆಗ ಒಬ್ಬರೂ ಒಪ್ಪಿರಲಿಲ್ಲ.

ಟೋಕಿಯೋದ ಸಣ್ಣ ಟ್ರಾವೆಲ್ ಕಂಪನಿಯಲ್ಲಿ ನನ್ನ ಕೆಲಸ. ಸೀಟು, ರೂಮು ಬ್ಲಾಕ್ ಮಾಡುವ ಮೊದಲು ಅಂದಾಜು ಕೊಡಬೇಕು. ತಪ್ಪಿದರೆ ದುಡ್ಡು ಹೋಗುತ್ತದೆ. ಹೋಗಿಯೂ ಇದೆ. 2022ರ ಕೊನೆಗೆ ನನ್ನ ಅಂದಾಜು ನಂಬಿ ಹವಾಯಿಯ ವೈಕಿಕಿಯಲ್ಲಿ ರೂಮು ಹಿಡಿದೆವು. ಸಾರ್ಸ್ ಅನ್ನುವ ಸಾಂಕ್ರಾಮಿಕ ರೋಗ ಬಂದ 2003ರಲ್ಲಿ ವಿದೇಶಕ್ಕೆ ಹೋದವರು 1 ಕೋಟಿ 33 ಲಕ್ಷಕ್ಕೆ ಇಳಿದಿದ್ದು ಮರುವರ್ಷವೇ 1 ಕೋಟಿ 68 ಲಕ್ಷ ಆಗಿತ್ತು. ಕೋವಿಡ್ ಮುಗಿದ ಮೇಲೂ ಹಾಗೇ ಅಂದುಕೊಂಡೆ. ಆಗಲಿಲ್ಲ. ಮುಂಗಡದಲ್ಲಿ 30 ಲಕ್ಷ ಯೆನ್ ಹತ್ತಿರ ವಾಪಸ್ ಬರಲಿಲ್ಲ. ಎಷ್ಟೋ ರಾತ್ರಿ ನಿದ್ದೆ ಇರಲಿಲ್ಲ.

ಆಮೇಲೆ 1964ರಿಂದ ಅಂಕಿ ತೆಗೆದು ಕೂತೆ. ಆ ವರ್ಷದ ಏಪ್ರಿಲ್‌ನಲ್ಲೇ ಅಲ್ವಾ ಜನರನ್ನು ಸುಮ್ನೆ ಊರು ನೋಡಲು ಹೊರಗೆ ಬಿಟ್ಟಿದ್ದು, ಅದೂ ವರ್ಷಕ್ಕೊಂದು ಸಲ, 500 ಡಾಲರ್ ಒಳಗೆ! ಮೊದಲು ಯೆನ್ ಒಂದನ್ನೇ ನೆಚ್ಚಿಕೊಂಡೆ. 1985ರಲ್ಲಿ ಡಾಲರ್ ಬೆಲೆ ಇಳಿಸಲು ಐದು ದೇಶಗಳು ಮಾಡಿಕೊಂಡ ಪ್ಲಾಜಾ ಒಪ್ಪಂದದ ನಂತರ ಯೆನ್ ಏರಿತು, ವಿದೇಶ ಅಗ್ಗವಾಯಿತು, 1990ಕ್ಕೆ ಹೋದವರು ಒಂದು ಕೋಟಿ ದಾಟಿದರು. 2012ರಲ್ಲಿ ಡಾಲರಿಗೆ 80 ಯೆನ್, ಹೋದವರು 1 ಕೋಟಿ 85 ಲಕ್ಷ. ಲೆಕ್ಕ ಕೂತಿತು ಅಂತ ಖುಷಿಪಟ್ಟೆ. 2019 ಅದನ್ನು ಕೆಡಿಸಿತು. ಡಾಲರಿಗೆ 109-110 ಯೆನ್ ಇದ್ದರೂ 2 ಕೋಟಿ, ಎಂದೂ ಇಲ್ಲದಷ್ಟು ಜಾಸ್ತಿ. ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದಿದ್ದರಿಂದ ಆ ವರ್ಷ ಗೋಲ್ಡನ್ ವೀಕ್‌ನಲ್ಲಿ, ಅಂದರೆ ಏಪ್ರಿಲ್ ಕೊನೆ-ಮೇ ಮೊದಲ ರಜೆಗಳಲ್ಲಿ, ಸಾಲಾಗಿ 10 ದಿನ ರಜೆ ಸಿಕ್ಕಿತ್ತು. ಅಗ್ಗದ ವಿಮಾನಗಳೂ ಇದ್ದವು.

ಕೊನೆಗೆ ಸಿಕ್ಕಿದ್ದು ಪಾಸ್‌ಪೋರ್ಟ್. 2019ರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರ ಬಳಿ ಇತ್ತು. 2023ಕ್ಕೆ ಆರರಲ್ಲಿ ಒಬ್ಬರ ಬಳಿ. ಸಾರ್ಸ್ ಹೋದಾಗ ಪಾಸ್‌ಪೋರ್ಟ್ ಮನೆಯಲ್ಲೇ ಇತ್ತು, ಭಯ ಕಳೆದ ಕೂಡಲೇ ಹೊರಟರು. ಈ ಸಲ ಅವಧಿಯೇ ಮುಗಿದಿತ್ತು. ಅದಕ್ಕೇ ನಾನು ಹೊಸ ಪಾಸ್‌ಪೋರ್ಟುಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ಎಣಿಸಲು ಶುರು ಮಾಡಿದೆ. ಇಪ್ಪತ್ತರ ಹರೆಯದ ಹೆಣ್ಣುಮಕ್ಕಳು ಮೊದಲು ಬಂದರು. ಪಾಸ್‌ಪೋರ್ಟ್ ಕೈಗೆ ಬಂದ ಎಷ್ಟು ತಿಂಗಳಿಗೆ ಟಿಕೆಟ್ ತೆಗೆಯುತ್ತಾರೆ ಅನ್ನುವುದೇ ನನ್ನ ಲೆಕ್ಕದ ಗುಟ್ಟು, ಅದನ್ನು ಇಲ್ಲಿ ಹೇಳಲಾರೆ. ಇಷ್ಟು ಹೇಳುತ್ತೇನೆ: ಒಟ್ಟು ಸಂಖ್ಯೆಯಲ್ಲಿ ಆಫೀಸ್ ಕೆಲಸಕ್ಕೆ ಹೋಗುವವರೂ ಸೇರಿರುತ್ತಾರೆ. ನಾನು ಜೂನ್ ತಿಂಗಳನ್ನು ತಳ ಅಂತ ಹಿಡಿದು, ಮಾರ್ಚ್, ಆಗಸ್ಟ್‌ನಲ್ಲಿ ಅದರ ಮೇಲೆ ಏರುವುದನ್ನಷ್ಟೇ ಪ್ರವಾಸಿಗರು ಅಂತ ನೋಡುತ್ತೇನೆ.

"ಜಪಾನೀಯರು ಹವಾಯಿ ಬಿಡುವವರಲ್ಲ, ನೀವು ಹೊಸಬರು" ಅಂದರು ನಮ್ಮ ಬುಚೋ, ಅಂದರೆ ವಿಭಾಗದ ಮುಖ್ಯಸ್ಥರು. 1987ರಿಂದ ಇದೇ ಕೆಲಸದಲ್ಲಿ ಇರುವವರು. ಜಗಳವಾಡಲಿಲ್ಲ. ನನ್ನ ಪಾಲಿನ ರೂಮುಗಳನ್ನು ಹವಾಯಿಯ ಹೊನೊಲುಲುವಿನಿಂದ ಬಿಡಿಸಿ ದಕ್ಷಿಣ ಕೊರಿಯಾದ ಸೋಲ್, ಬೂಸಾನ್‌ಗೆ ಹಾಕಿದೆ. 2024ರಲ್ಲಿ ಕೊರಿಯಾಕ್ಕೆ 32 ಲಕ್ಷ ಜಪಾನೀಯರು ಹೋದರು, 2019ರಷ್ಟೇ. ಹವಾಯಿಗೆ 2019ರ ಅರ್ಧದಷ್ಟೂ ಬರಲಿಲ್ಲ. ಖರ್ಚು ಕಳೆದು 45 ಲಕ್ಷ ಯೆನ್ ಉಳಿಯಿತು. ಈಗ ಬುಚೋ ಪ್ರತಿ ತಿಂಗಳು ನನ್ನ ಹಾಳೆ ಕೇಳಿ ತರಿಸಿಕೊಳ್ಳುತ್ತಾರೆ.

ನಡುವೆ ಊರಿನ ಆಸೆಗೆ ಬೆಂಗಳೂರು-ಹಂಪಿ ಪ್ಯಾಕೇಜ್ ಒಂದನ್ನು ಹಾಕಿ ನೋಡಿದೆ. ನರಿತಾದಿಂದ ನೇರ ವಿಮಾನ ಇದೆಯಲ್ಲ. 11 ಜನ ಬಂದರು, 9 ಜನ ಅರವತ್ತು ದಾಟಿದವರು. ಅವರ ಪಾಸ್‌ಪೋರ್ಟ್ ತೆರೆದು ನೋಡಿದರೆ ಮುಕ್ಕಾಲು ಪಾಲು 2016-17ರಲ್ಲಿ ಮಾಡಿಸಿದ ಹತ್ತು ವರ್ಷದವು. ಅವುಗಳ ಅವಧಿ 2026, 27ಕ್ಕೆ ಮುಗಿಯುತ್ತದೆ. ಈ ವಯಸ್ಸಿನವರಲ್ಲಿ ಎಷ್ಟು ಜನ ಮತ್ತೆ ಮಾಡಿಸುತ್ತಾರೆ ಅನ್ನುವುದಕ್ಕೆ ಹಾಳೆಯಲ್ಲಿ ಬೇರೆ ಕಾಲಮ್ಮೇ ಹಾಕಿದ್ದೇನೆ.