ಮುತ್ತಜ್ಜ ಖರೇನ ಬ್ಯಾಪ್ಟಿಸ್ಟ್ ಇದ್ನಾ? ಹುಡುಕೋದು ಹಿಂಗ ನೋಡ್ರಿ

ನಮ್ಮ ಮನ್ಯಾಗ ಮುತ್ತಜ್ಜ ಹುಟ್ಟಿದ ವರ್ಷ ಮೂರು ಅದಾವು, ಮನಿ ಮಂದಿ ಹೆಸ್ರು ಬರದಿಟ್ಟ ಬೈಬಲ್‌ನಾಗ ಒಂದು, ಗೋರಿಕಲ್ಲಿನ ಮ್ಯಾಲೆ ಒಂದು, ಸ್ವಾದರತ್ತಿ ಬಾಯಾಗ ಇನ್ನೊಂದು. ಮೊದ್ಲ ಬೈಬಲ್‌ದ ಮುಂದಿನ ಹಾಳಿ ಬೆಳಕಿಗೆ ಹಿಡದು ನೋಡ್ರಿ, ಎಲ್ಲಾ ಮಕ್ಕಳ ಹೆಸ್ರು ಒಂದ ಕೈಬರಹ ಒಂದ ಶಾಯಿ ಇದ್ರ ಯಾರೋ ಆಮ್ಯಾಲೆ ಒಂದ ದಿನ ಕುಂತು ನೆನಪಿಂದ ಬರದಾರ ಅಂತ ತಿಳ್ಕೋರಿ. ನಮ್ಮದು ಹಂಗ ಇತ್ತು.

ಇನ್ನ ಬ್ಯಾಪ್ಟಿಸ್ಟ್ ಅನ್ನೋ ಮಾತು, ಅದು ಕ್ರೈಸ್ತರೊಳಗ ಒಂದು ಪಂಗಡ. ದೀಕ್ಷಾಸ್ನಾನ, ಅಂದ್ರ ಬ್ಯಾಪ್ಟಿಸಮ್, ಆಗಿತ್ತು ಅನ್ನೋದನ್ನ ಮಂದಿ ಬ್ಯಾಪ್ಟಿಸ್ಟ್ ಮಾಡಿಬಿಟ್ಟಿರ್ತಾರ! ನಮ್ಮ ಕಡೆ ಬಂದಿದ್ದು ಬಾಸೆಲ್ ಮಿಶನ್ ಅನ್ನೋ ಸ್ವಿಟ್ಜರ್ಲೆಂಡ್‌ದ ಪಾದ್ರಿಗಳ ಸಂಸ್ಥೆ, ಧಾರವಾಡಕ್ಕ 1837, ಹುಬ್ಬಳ್ಳಿಗೆ 1839, ಬೆಟಗೇರಿಗೆ 1841, ಅವ್ರು ಕೂಸಿಗೂ ದೀಕ್ಷಾಸ್ನಾನ ಕೊಡ್ತಿದ್ರು. ಬ್ಯಾಪ್ಟಿಸ್ಟರು ಹಂಗಲ್ಲ, ತಾನ ನಂಬೇನಿ ಅಂತ ಹೇಳೋವಷ್ಟು ದೊಡ್ಡಾಂವ ಆದಮ್ಯಾಲೆನ ನೀರಾಗ ಮುಳುಗಸ್ತಾರ, ಅದಕ್ಕ ಬ್ಯಾಪ್ಟಿಸ್ಟರ ದೀಕ್ಷಾಸ್ನಾನದ ತಾರೀಕು ಹಿಡದು ಹುಟ್ಟಿದ ವರ್ಷ ಎಣಿಸಬ್ಯಾಡ್ರಿ.

ಅಜ್ಜ ಇಂಗ್ಲಿಷರಾಂವ ಇಲ್ಲಾ ಆಂಗ್ಲೋ ಇಂಡಿಯನ್ ಇದ್ರ ಲಂಡನ್‌ದ ಬ್ರಿಟಿಷ್ ಲೈಬ್ರರಿಯೊಳಗಿನ ಇಂಡಿಯಾ ಆಫೀಸ್ ಚರ್ಚ್ ರೆಕಾರ್ಡ್‌ನಾಗ ಎನ್/3, ಅಂದ್ರ ಬಾಂಬೆ ಸರಣಿ ನೋಡ್ರಿ, ಧಾರವಾಡ ಆಗ ಬಾಂಬೆ ಪ್ರೆಸಿಡೆನ್ಸಿ, ನಾನು ಮದ್ರಾಸ್ ತಿರುವಿ ತಿರುವಿ ಒಂದು ತಿಂಗಳು ಹಾಳ ಮಾಡ್ಕೊಂಡೆ. ಮಿಶನ್ ಮಂದಿ ಇದ್ರ ಇಲ್ಲಿನ ಹಳೇ ಚರ್ಚ್ ರಿಜಿಸ್ಟರ್, ಆಮ್ಯಾಲೆ ಸ್ವಿಟ್ಜರ್ಲೆಂಡ್‌ನಾಗ ಬಾಸೆಲ್‌ದ ಆರ್ಕೈವ್. ಅಲ್ಲಿ ಹಳೇ ಜರ್ಮನ್ ಕೈಬರಹ, ಓದೋರನ್ನ ಈಗಿಂದನ ಹುಡುಕಿ ಇಟ್ಕೋರಿ.