ಗುಡ್ಡದ ಮೇಲಿಂದ ಸೂರ್ಯಾಸ್ತ: ಬಳ್ಳಾರಿ ಸುತ್ತ ಸರಿಯಾದ ಜಾಗ ಹುಡುಕುವುದು ಹೇಗೆ?

ಬಳ್ಳಾರಿಯಲ್ಲಿ ಸೂರ್ಯಾಸ್ತ ನೋಡಲು ಎಲ್ಲಿಗೆ ಹೋಗಬೇಕು ಎಂದು ಯಾರನ್ನೇ ಕೇಳಿ, ‘ಹಂಪಿಗೆ ಹೋಗಿ’ ಎನ್ನುತ್ತಾರೆ. ಹಂಪಿ ಚೆಂದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಇಲ್ಲಿಂದ 60 ಕಿಲೋಮೀಟರ್‌ಗೂ ಜಾಸ್ತಿ ದೂರ. ರಜಾ ದಿನಗಳಲ್ಲಿ ಹೇಮಕೂಟದ ಬಂಡೆ ಮೇಲೆ ಕೂರಲು ಜಾಗ ಹುಡುಕಬೇಕು. ಊರ ನಡುವೆಯೇ ಬಳ್ಳಾರಿ ಗುಡ್ಡ, ಕುಂಬಾರ ಗುಡ್ಡ ಎರಡನ್ನೂ ಇಟ್ಟುಕೊಂಡ ನಾವು ಪ್ರತಿ ಸಲ ಅಷ್ಟು ದೂರ ಓಡಬೇಕಾಗಿಲ್ಲ. ನಮ್ಮ ಭಾಗದಲ್ಲಿ ಜಾಗಕ್ಕೆ ಬರವಿಲ್ಲ. ಯಾವ ಜಾಗ ಯಾವ ತಿಂಗಳಿಗೆ ಸರಿ ಎನ್ನುವುದು ಗೊತ್ತಿರಬೇಕು, ಅಷ್ಟೆ. ಅದನ್ನು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು.

ಮೊದಲು ದಿಕ್ಕು

ಸೂರ್ಯ ಪಶ್ಚಿಮದಲ್ಲಿ ಮುಳುಗುತ್ತಾನೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ನೇರ ಪಶ್ಚಿಮದಲ್ಲಿ ಮುಳುಗುವುದು ವರ್ಷಕ್ಕೆ ಎರಡು ಸಲ ಮಾತ್ರ: ಮಾರ್ಚ್ 20ರ ಸುಮಾರಿಗೆ ಒಮ್ಮೆ, ಸೆಪ್ಟೆಂಬರ್ 22ರ ಸುಮಾರಿಗೆ ಇನ್ನೊಮ್ಮೆ. ಬಳ್ಳಾರಿ ಇರುವ ಅಕ್ಷಾಂಶದಲ್ಲಿ ಜೂನ್ 21ಕ್ಕೆ ಸೂರ್ಯ ಪಶ್ಚಿಮದಿಂದ ಉತ್ತರಕ್ಕೆ 24 ಡಿಗ್ರಿ ಸರಿದು ಮುಳುಗುತ್ತಾನೆ. ಡಿಸೆಂಬರ್ 21ಕ್ಕೆ ದಕ್ಷಿಣಕ್ಕೆ ಅಷ್ಟೇ ಸರಿದಿರುತ್ತಾನೆ. ಅಂದರೆ ಬೇಸಿಗೆಯಲ್ಲಿ ಕೆರೆಯ ನೀರಿನ ಮೇಲೆ ಮುಳುಗಿದ ಸೂರ್ಯ ಚಳಿಗಾಲದಲ್ಲಿ ಅದೇ ಕೆರೆಯ ಪಕ್ಕದ ಗುಡ್ಡದ ಹಿಂದೆ ಹೋಗಿಬಿಡಬಹುದು. ‘ಹೋದ ಸಲ ಎಷ್ಟು ಚೆನ್ನಾಗಿತ್ತು, ಈ ಸಲ ಏನೂ ಕಾಣಲಿಲ್ಲ’ ಎಂದು ಜನ ಹೇಳುವುದಕ್ಕೆ ಬಹಳ ಸಲ ಇದೇ ಕಾರಣ.

24 ಡಿಗ್ರಿ ಎಷ್ಟು ಎಂದು ಅಳೆಯಲು ಯಾವ ಉಪಕರಣವೂ ಬೇಡ. ತೋಳನ್ನು ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಪಶ್ಚಿಮದಿಂದ ಬಲಕ್ಕೆ ಎರಡೂವರೆ ಮುಷ್ಟಿ ಜರುಗಿಸಿದರೆ ಜೂನ್ ಸೂರ್ಯನ ಜಾಗ. ಎಡಕ್ಕೆ ಎರಡೂವರೆ ಮುಷ್ಟಿ ಜರುಗಿಸಿದರೆ ಡಿಸೆಂಬರ್ ಸೂರ್ಯನ ಜಾಗ. ವರ್ಷದ ಉಳಿದೆಲ್ಲ ದಿನ ಆತ ಈ ಐದು ಮುಷ್ಟಿಗಳ ನಡುವೆಯೇ ಓಡಾಡುತ್ತಾನೆ. ಪಶ್ಚಿಮ ಯಾವ ಕಡೆ ಎಂದು ಫೋನಿನ ದಿಕ್ಸೂಚಿಯೇ ಹೇಳುತ್ತದೆ. ಫೋನ್ ಇಲ್ಲದಿದ್ದರೆ ಪೂರ್ವಕ್ಕೆ ಮುಖ ಮಾಡಿದ ಹಳೇ ಗುಡಿ ಸಾಕು: ಅದರ ಬೆನ್ನು ಇರುವ ಕಡೆ ಪಶ್ಚಿಮ.

ಆಮೇಲೆ ಹೊತ್ತು

ಬಳ್ಳಾರಿಯಲ್ಲಿ ಸೂರ್ಯ ತೀರಾ ಬೇಗ ಮುಳುಗುವುದು ನವೆಂಬರ್ ಕೊನೆಯ ಭಾಗದಲ್ಲಿ, 5.50ರ ಆಸುಪಾಸು. ತೀರಾ ತಡವಾಗಿ ಮುಳುಗುವುದು ಜುಲೈ ಮೊದಲ ವಾರ, 6.55ರ ಹೊತ್ತಿಗೆ. ಜನವರಿ ಮಧ್ಯದಲ್ಲಿ 6.10. ಕೊಪ್ಪಳದಲ್ಲಿ ಇದಕ್ಕಿಂತ ಎರಡು ಮೂರು ನಿಮಿಷ ತಡ, ರಾಯಚೂರಿನಲ್ಲಿ ಒಂದೆರಡು ನಿಮಿಷ ಬೇಗ. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಸುಮಾರಿಗೆ ಬಂದರೂ ಅತಿ ಬೇಗ ಮುಳುಗುವ ಸಂಜೆ ಅದಕ್ಕೆ ತಿಂಗಳ ಮೊದಲೇ ಬಂದು ಹೋಗಿರುತ್ತದೆ. ನವೆಂಬರ್‌ನಲ್ಲಿ ‘ಆರಕ್ಕೆ ಹೋದರಾಯ್ತು’ ಎಂದುಕೊಂಡವರಿಗೆ ಸೂರ್ಯ ಸಿಗುವುದಿಲ್ಲ.

ಸ್ಥಳದಲ್ಲಿ ನಿಂತಾಗ ಮುಷ್ಟಿಯೇ ಗಡಿಯಾರವೂ ಆಗುತ್ತದೆ. ದಿಗಂತಕ್ಕೂ ಸೂರ್ಯನಿಗೂ ನಡುವೆ ಒಂದು ಮುಷ್ಟಿ ಎತ್ತರ ಇದ್ದರೆ ಇನ್ನೂ ಸುಮಾರು 40 ನಿಮಿಷ ಇದೆ ಎಂದರ್ಥ. ‘ಒಂದು ಬೆರಳಿಗೆ ಕಾಲು ಗಂಟೆ’ ಎಂಬ ಲೆಕ್ಕ ಅಲ್ಲಲ್ಲಿ ಓಡಾಡುತ್ತದೆ. ಸೂರ್ಯ ಓರೆಯಾಗಿ ನಿಧಾನಕ್ಕೆ ಇಳಿಯುವ ದೂರದ ಉತ್ತರದ ದೇಶಗಳಿಗೆ ಅದು ಹೊಂದಬಹುದು. ನಮ್ಮಲ್ಲಿ ಆತ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಒಂದು ಬೆರಳಿಗೆ ಏಳೆಂಟು ನಿಮಿಷ ಹಿಡಿಯಿರಿ. ಬಿಂಬದ ಕೆಳಗಿನ ಅಂಚು ನೆಲ ಮುಟ್ಟಿದ ಮೇಲಂತೂ ಪೂರ್ತಿ ಮುಳುಗಲು ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಬೇಕು, ಅಷ್ಟೆ. ಆ ಹೊತ್ತಿನಲ್ಲಿ ಕ್ಯಾಮೆರಾದ ಸೆಟ್ಟಿಂಗ್ ಹುಡುಕುತ್ತಾ ಕೂತರೆ ಮುಗಿಯಿತು.

ಪಡುವಣ ತೆರೆದಿದೆಯೇ ನೋಡಿ

ಜಾಗ ಆರಿಸುವಾಗ ಹೆಚ್ಚಿನವರು ಎತ್ತರವನ್ನಷ್ಟೇ ನೋಡುತ್ತಾರೆ. ಎತ್ತರ ಮುಖ್ಯ ನಿಜ. ಬಯಲಿನಲ್ಲಿ ನಿಂತವರಿಗೆ ದಿಗಂತ ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿದ್ದರೆ, 100 ಮೀಟರ್ ಮೇಲೆ ನಿಂತವರಿಗೆ ಅದು ಸುಮಾರು 36 ಕಿಲೋಮೀಟರ್ ಆಚೆ ಹೋಗುತ್ತದೆ. ಆದರೆ ಎದುರಿಗೇ ಇನ್ನೊಂದು ಗುಡ್ಡ ಇದ್ದರೆ ಎತ್ತರ ಏನು ಮಾಡೀತು? ಬಳ್ಳಾರಿ ಗುಡ್ಡದ ಪೂರ್ವದ ಬುಡದಲ್ಲಿ ಮನೆ ಇರುವವರನ್ನು ಕೇಳಿ. ಊರಿಗೆಲ್ಲ ಬಿಸಿಲಿದ್ದಾಗಲೇ ಅಲ್ಲಿ ನೆರಳು ಬಿದ್ದಿರುತ್ತದೆ.

ಸಂಡೂರು ಇದಕ್ಕೆ ಒಳ್ಳೆಯ ಉದಾಹರಣೆ. ಹಸಿರು ಗುಡ್ಡಸಾಲುಗಳ ನಡುವಿನ ಊರು. ಮಳೆಗಾಲದ ಕೊನೆಗೆ ಅಷ್ಟು ಚೆಂದದ ಕಣಿವೆ ನಮ್ಮ ಭಾಗದಲ್ಲಿ ಇನ್ನೊಂದಿಲ್ಲ. ಆದರೆ ಕಣಿವೆಯ ತಳದಲ್ಲಿ ನಿಂತರೆ ಸೂರ್ಯ ಗುಡ್ಡದ ಹಿಂದೆ ಬೇಗ ಸರಿಯುತ್ತಾನೆ. ಎದುರಿನ ಗುಡ್ಡ ಅರ್ಧ ಮುಷ್ಟಿ ಎತ್ತರ ಕಂಡರೂ 20 ನಿಮಿಷ ಕಳೆದುಕೊಂಡಂತೆ. ಹಾಗಾಗಿ ಸಂಡೂರಿಗೆ ಹೋಗುವವರು ಕುಮಾರಸ್ವಾಮಿ ದೇವಸ್ಥಾನದ ಕಡೆಯ ಎತ್ತರದ ರಸ್ತೆಗೆ ಏರಬೇಕು. ಅದಿರಿನ ಲಾರಿ ಓಡಾಡುವ ದಾರಿ ಅದು. ಗಾಡಿಯನ್ನು ತಿರುವಿನಲ್ಲಿ ನಿಲ್ಲಿಸಬೇಡಿ. ಗಣಿ ಪ್ರದೇಶಕ್ಕೂ ಕಾಡಿನೊಳಕ್ಕೂ ಅನುಮತಿ ಇಲ್ಲದೆ ಹೋಗುವ ಹಾಗಿಲ್ಲ.

ಹೋಗುವ ಮೊದಲು ಫೋನಿನಲ್ಲಿ ಉಪಗ್ರಹ ನಕ್ಷೆ ತೆರೆಯಿರಿ. ನೀವು ನಿಲ್ಲುವ ಜಾಗದಿಂದ ಆ ತಿಂಗಳ ಸೂರ್ಯನ ದಿಕ್ಕಿಗೆ ಒಂದು ಗೆರೆ ಎಳೆದುಕೊಳ್ಳಿ. ಆ ಗೆರೆಯ ಮೇಲೆ ಮೊದಲ ಐದಾರು ಕಿಲೋಮೀಟರ್‌ನಲ್ಲಿ ಏನಿದೆ? ಗುಡ್ಡ, ಚಿಮಣಿ, ಎತ್ತರದ ಕಟ್ಟಡ ಇಲ್ಲದೆ ಹೊಲವೋ ನೀರೋ ಇದ್ದರೆ ಜಾಗ ಒಳ್ಳೆಯದು.

ನಾಲ್ಕು ಗಂಟೆಗೆ ಆಕಾಶ ಓದಿ

ಒಂದೂ ಮೋಡ ಇಲ್ಲದ ದಿನ ಸೂರ್ಯಾಸ್ತ ಚೆನ್ನಾಗಿರುತ್ತದೆ ಎಂಬುದು ಅರ್ಧ ಸತ್ಯ. ಬಿಂಬ ಸ್ಪಷ್ಟವಾಗಿ ಕಾಣುತ್ತದೆ, ಬಣ್ಣ ಕಡಿಮೆ. ಬಣ್ಣ ಬೇಕೆಂದರೆ ತುಂಬ ಎತ್ತರದಲ್ಲಿ ಹಿಂಜಿದ ಹತ್ತಿಯಂಥ ತೆಳು ಮೋಡ ಇರಬೇಕು. ಸೂರ್ಯ ನಮ್ಮ ಕಣ್ಣಿಗೆ ಮರೆಯಾದ ಮೇಲೂ ಆ ಎತ್ತರಕ್ಕೆ ಬೆಳಕು ತಾಗುತ್ತಲೇ ಇರುತ್ತದೆ. ಆ ಬೆಳಕು ಗಾಳಿಯಲ್ಲಿ ಬಹಳ ದೂರ ಸಾಗಿ ಬರುವುದರಿಂದ ನೀಲಿ ಭಾಗ ದಾರಿಯಲ್ಲೇ ಚದುರಿ, ಉಳಿದ ಕೆಂಪು ಮೋಡದ ಹೊಟ್ಟೆಗೆ ಬೀಳುತ್ತದೆ. ಪಶ್ಚಿಮದ ಅಂಚಿನಲ್ಲೇ ದಟ್ಟ ಕಪ್ಪು ಮೋಡ ಕೂತಿದ್ದರೆ ಮಾತ್ರ ಆಸೆ ಬಿಡಿ.

ನಮ್ಮ ಭಾಗದಲ್ಲಿ ಮೋಡಕ್ಕಿಂತ ದೊಡ್ಡ ತೊಂದರೆ ಧೂಳು. ಬಳ್ಳಾರಿಯಿಂದ ಹೊಸಪೇಟೆ ದಿಕ್ಕಿಗೆ ಕುಡಿತಿನಿಯ ಉಷ್ಣ ವಿದ್ಯುತ್ ಸ್ಥಾವರ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಅದರಾಚೆ ಗಣಿಗಳು. ಎಲ್ಲವೂ ನಾವು ನೋಡಬೇಕಾದ ಪಡುವಣ ಕಡೆಗೇ ಇವೆ. ಏಪ್ರಿಲ್, ಮೇ ತಿಂಗಳಲ್ಲಿ ಸೂರ್ಯ ದಿಗಂತ ಮುಟ್ಟುವ ಮೊದಲೇ ಬೂದು ಮಬ್ಬಿನಲ್ಲಿ ಕರಗಿಹೋಗುವುದು ಸಾಮಾನ್ಯ. ನಾಲ್ಕು ಗಂಟೆಗೆ ಮಹಡಿ ಹತ್ತಿ ನೋಡಿ. ಅಂಚಿನಲ್ಲಿ ಎರಡು ಬೆರಳು ದಪ್ಪ ಮಬ್ಬಿದ್ದರೆ ಲೆಕ್ಕದ ಹೊತ್ತಿಗಿಂತ ಕಾಲು ಗಂಟೆ ಮೊದಲೇ ಸೂರ್ಯ ಕಾಣೆಯಾಗುತ್ತಾನೆ. ಮಳೆ ಸುರಿದು ಬಿಟ್ಟ ಮರುದಿನ ಗಾಳಿ ತೊಳೆದಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಂಥ ದಿನ ಸಿಕ್ಕರೆ ಬೇರೆ ಕೆಲಸ ಮುಂದೂಡಿ ಹೊರಡಿ.

ಯಾವ ಜಾಗ, ಯಾವಾಗ

ಬಳ್ಳಾರಿ ಗುಡ್ಡದಿಂದಲೇ ಶುರು ಮಾಡಿ. ಹನುಮಪ್ಪ ನಾಯಕ ಕಟ್ಟಿಸಿದ, ಮುಂದೆ ಹೈದರಾಲಿ ಬಲಪಡಿಸಿದ ಕೋಟೆ. ಕಾಲ ಕೆಳಗೆ ಒಂದೇ ಬಂಡೆಯಂತೆ ಹರಡಿದ ಕಲ್ಲು, ಸುತ್ತ ಇಡೀ ಊರು. ಸೂರ್ಯ ಇಳಿಯುವಾಗ ಕೋಟೆ ಗೋಡೆಯ ಕಲ್ಲು ಒಂದೊಂದಾಗಿ ಕೆಂಪೇರುವುದನ್ನು ನೋಡಿ. ಮೊದಲು ಗೋಡೆಯ ಬುಡಕ್ಕೆ ನೆರಳು ಬರುತ್ತದೆ. ನೆರಳಿನ ಗೆರೆ ಮೇಲೇರುತ್ತಾ ಕೊನೆಗೆ ತೆನೆಗಲ್ಲಿನ ತುದಿಯಲ್ಲಿ ಮಾತ್ರ ಬೆಳಕು ಉಳಿಯುತ್ತದೆ. ಒಂದು ಎಚ್ಚರಿಕೆ: ಪುರಾತತ್ವ ಇಲಾಖೆಯ ಜಾಗಗಳನ್ನು ಸಾಮಾನ್ಯವಾಗಿ ಸೂರ್ಯ ಮುಳುಗುವ ಹೊತ್ತಿಗೆ ಮುಚ್ಚುತ್ತಾರೆ. ಎಷ್ಟು ಗಂಟೆಗೆ ಇಳಿಸುತ್ತಾರೆ ಎಂದು ಬಾಗಿಲಲ್ಲೇ ಕೇಳಿಕೊಂಡು ಹತ್ತಿ. ಕೊನೆ ಕ್ಷಣದವರೆಗೆ ಇರಲು ಆಗದಿದ್ದರೂ ಗೋಡೆಯ ಮೇಲಿನ ಆ ಬೆಳಕಿಗಾಗಿ ಹೋಗಬೇಕು.

ತುಂಗಭದ್ರಾ ಜಲಾಶಯ ನನ್ನ ಮೊದಲ ಆಯ್ಕೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಹೊಸಪೇಟೆ ಕಡೆಯಿಂದ ನೋಡಿದರೆ ನೀರು ಪಶ್ಚಿಮ, ನೈಋತ್ಯಕ್ಕೆ ಹರಡಿದೆ. ಆ ತಿಂಗಳುಗಳಲ್ಲಿ ಸೂರ್ಯ ಇಳಿಯುವುದೂ ಆ ಕಡೆಗೇ. ಒಳ್ಳೆಯ ಮಳೆಯಾದ ವರ್ಷ ಆಗ ನೀರೂ ತುಂಬಿರುತ್ತದೆ. ಮೂರೂ ಒಟ್ಟಿಗೆ ಕೂಡಿಬರುವುದು ಆಗ ಮಾತ್ರ. ಮೇ ತಿಂಗಳಲ್ಲಿ ಹೋದರೆ ನೀರು ಎಲ್ಲೋ ದೂರಕ್ಕೆ ಸರಿದಿರುತ್ತದೆ.

ಕೊಪ್ಪಳದ ಕಡೆ ಅಂಜನಾದ್ರಿ. 575 ಮೆಟ್ಟಿಲು. ಮೇಲಿನಿಂದ ಗುಂಡುಕಲ್ಲಿನ ಗುಡ್ಡಗಳು, ನದಿ, ಬಾಳೆ ತೋಟ, ಗದ್ದೆ ಎಲ್ಲ ಒಟ್ಟಿಗೆ ಕಾಣುತ್ತವೆ. ಭತ್ತ ನಾಟಿಯ ದಿನಗಳಲ್ಲಿ ಹೋಗಿ. ಗದ್ದೆಯಲ್ಲಿ ನೀರು ನಿಂತಿರುತ್ತದೆ, ಆಕಾಶದ ಬಣ್ಣ ನೆಲದ ಮೇಲೂ ಬೀಳುತ್ತದೆ. ಶನಿವಾರ ಜನ ಜಾಸ್ತಿ. ಹಂಪಿಯಿಂದ ದೋಣಿಯಲ್ಲಿ ದಾಟಿ ಹೋದವರು ವಾಪಸಾಗುವಾಗ ದೋಣಿ ನಿಂತಿರುತ್ತದೆ. ಸಂಜೆಗೆ ಹೋಗುವುದಾದರೆ ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ದಾರಿ ಹಿಡಿಯಿರಿ. ಹತ್ತಿರದ ಸಾಣಾಪುರದಲ್ಲೂ ಕೆರೆ, ಬಂಡೆ ಚೆನ್ನಾಗಿವೆ, ಆದರೆ ನೀರಿಗೆ ಇಳಿಯಬೇಡಿ.

ಕೊಪ್ಪಳ ಊರಿನವರಿಗೆ ಅಶೋಕನ ಶಾಸನ ಇರುವ ಪಾಲ್ಕಿಗುಂಡು ಇದೆ. ರಾಯಚೂರಿನವರಿಗೆ ಕೋಟೆಯ ಗುಡ್ಡ ಇದೆ. 1294ರ ಶಾಸನ ಹೊತ್ತ ಆ ಉದ್ದನೆಯ ಕಲ್ಲನ್ನು ಬೆಳಕಿರುವಾಗಲೇ ನೋಡಿ, ಆಮೇಲೆ ಗುಡ್ಡ ಹತ್ತಿ.

ಮುಳುಗಿದ ಮೇಲೂ ನಿಲ್ಲಿ

ಬಿಂಬ ಮರೆಯಾದ ತಕ್ಷಣ ಜನ ಎದ್ದು ಹೊರಡುತ್ತಾರೆ. ಹಾಗೆ ಮಾಡಬೇಡಿ. ಒಳ್ಳೆಯ ಬಣ್ಣ ಬರುವುದು ಆಮೇಲಿನ 10ರಿಂದ 20 ನಿಮಿಷಗಳಲ್ಲಿ. ಒಮ್ಮೆ ಹಿಂದೆ ತಿರುಗಿ ಪೂರ್ವಕ್ಕೂ ನೋಡಿ. ದಿಗಂತದ ಮೇಲೆ ನೀಲಿ ಬೂದು ಬಣ್ಣದ ಒಂದು ಪಟ್ಟೆ, ಅದರ ಮೇಲೆ ತೆಳು ಗುಲಾಬಿ ಬಣ್ಣದ ಇನ್ನೊಂದು ಪಟ್ಟೆ ಕಾಣುತ್ತದೆ. ಕೆಳಗಿನದು ನಾವು ನಿಂತ ಈ ಭೂಮಿಯದೇ ನೆರಳು, ಗಾಳಿಯ ಮೇಲೆ ಬಿದ್ದಿರುವುದು. ಅದು ನಿಮಿಷ ನಿಮಿಷಕ್ಕೂ ಮೇಲೇರುತ್ತದೆ. ಮಕ್ಕಳಿಗೆ ತಪ್ಪದೆ ತೋರಿಸಿ.

ಆದರೆ ನಸುಬೆಳಕು ಉಳಿಯುವುದು 20–25 ನಿಮಿಷ ಮಾತ್ರ. ದಾರಿ ಕಷ್ಟದ್ದಾದರೆ, ಉದಾಹರಣೆಗೆ ಹಂಪಿಯ ಮಾತಂಗ ಬೆಟ್ಟದಲ್ಲಿ, ಬಣ್ಣಕ್ಕೆ ಕಾಯದೆ ಇಳಿಯಿರಿ. ನಮ್ಮ ಗುಂಡುಕಲ್ಲಿನ ಗುಡ್ಡಗಳು ಕರಡಿ, ಚಿರತೆಗಳ ಮನೆ. ದರೋಜಿ ಕರಡಿಧಾಮ ಇರುವುದೂ ಇಂಥ ಗುಡ್ಡಗಳ ನಡುವೆಯೇ. ಕರಡಿ ಹೊರಡುವುದೂ ಸಂಜೆಯೇ. ಒಬ್ಬರೇ ಹೋಗಬೇಡಿ. ಪ್ರತಿಯೊಬ್ಬರ ಕೈಯಲ್ಲೂ ಟಾರ್ಚ್ ಇರಲಿ, ಫೋನಿನ ಬೆಳಕನ್ನೇ ನಂಬಬೇಡಿ. ಬಂಡೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ಹತ್ತಿರ ಬೆಂಕಿ, ಹೊಗೆ ಬೇಡ.

ಮೊಣಕಾಲು ನೋವಿರುವ ಹಿರಿಯರನ್ನು ಕರೆದೊಯ್ಯುವುದಾದರೆ ಗುಡ್ಡ ಹತ್ತಲೇಬೇಕೆಂದಿಲ್ಲ. ಕಮಲಾಪುರದ ಹತ್ತಿರದ ಮಾಲ್ಯವಂತ ರಘುನಾಥ ದೇವಸ್ಥಾನದವರೆಗೆ ರಸ್ತೆ ಇದೆ. ಗುಡಿಯ ಹಿಂದಿನ ಬಂಡೆಯಿಂದ ಪಶ್ಚಿಮ ತೆರೆದು ಕಾಣುತ್ತದೆ. ಅಷ್ಟು ದೂರವೂ ಬೇಡ ಎಂದರೆ ನಿಮ್ಮೂರ ಕೆರೆಯ ಪೂರ್ವದ ಏರಿ ಸಾಕು. ಕುರ್ಚಿ ಒಂದನ್ನು ಗಾಡಿಯಲ್ಲಿ ಹಾಕಿಕೊಳ್ಳಿ, ಮುಕ್ಕಾಲು ಗಂಟೆ ಮೊದಲೇ ಮನೆ ಬಿಡಿ.