ಬಿಳಿ ಎರಡರಿಂದ ಕಪ್ಪು ಎರಡಕ್ಕೆ: ಜಾಝ್ ಆಲ್ಬಂ ಹೇಳಿಕೊಡುವ ನನ್ನ ಕ್ರಮ

ಮಂಗಳೂರು, ಉಡುಪಿ ಕಡೆಯವರಿಗೆ ಸ್ಯಾಕ್ಸೊಫೋನ್ ಹೊಸತಲ್ಲ. ಮದುವೆಯ ಧಾರೆಗೆ, ದೇವಸ್ಥಾನದ ಉತ್ಸವಕ್ಕೆ, ಭೂತಕೋಲಕ್ಕೆ ಅದು ಇದ್ದೇ ಇರುತ್ತದೆ. ಹಾಗಾಗಿ ಜಾಝ್ ಎಲ್ಲಿಂದ ಶುರು ಮಾಡುವುದು ಎಂದು ಯಾರಾದರೂ ಕೇಳಿದರೆ ನಾನು ನೂರು ಆಲ್ಬಂಗಳ ಪಟ್ಟಿ ಕೊಡುವುದಿಲ್ಲ. ಅವರ ಕಿವಿ ಯಾವುದಕ್ಕೆ ಪಳಗಿದೆ ಎಂದು ವಿಚಾರಿಸಿ ಒಂದೇ ಆಲ್ಬಂ ಹೇಳುತ್ತೇನೆ. ಅದನ್ನು ಮೂರು ಸಲ ಕೇಳುವವರೆಗೆ ಎರಡನೆಯದರ ಹೆಸರು ಎತ್ತುವುದಿಲ್ಲ.

ದೇವಸ್ಥಾನದ ಸ್ಯಾಕ್ಸೊಫೋನ್ ಕೇಳಿ ಬೆಳೆದವರಿಗೆ ಕದ್ರಿ ಗೋಪಾಲನಾಥರೇ ಬಾಗಿಲು. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ ಅವರು ನುಡಿಸಿದ 'ಕಿನ್ಸ್‌ಮೆನ್' (2008) ಆಲ್ಬಂನಲ್ಲಿ ಎರಡು ಆಲ್ಟೊ (ಮಧ್ಯಮ ಗಾತ್ರದ) ಸ್ಯಾಕ್ಸೊಫೋನ್, ಪಿಟೀಲು, ಮೃದಂಗದ ಪಕ್ಕದಲ್ಲೇ ಗಿಟಾರ್, ಡಬಲ್ ಬಾಸ್, ಡ್ರಮ್ಸ್ ಉಂಟು. ಗಮಕ (ಸ್ವರದ ಓಲಾಟ) ಹಿಡಿದು ಕೇಳಿದರೆ ಯಾವ ಆಲ್ಟೊ ಯಾರದೆಂದು ತಿಳಿಯುತ್ತದೆ. ಅಲ್ಲಿಂದ ಕ್ಯಾನನ್‌ಬಾಲ್ ಆಡರ್ಲಿಯವರ 'ಸಮ್‌ಥಿಂಗ್ ಎಲ್ಸ್' (1958). ಅದೂ ಆಲ್ಟೊ. ಆದರೆ ಇಲ್ಲಿ ಶ್ರುತಿಪೆಟ್ಟಿಗೆಯ ಆಸರೆ ಇಲ್ಲ, ಕಾಲಡಿಯ ನೆಲ, ಅಂದರೆ ಆಧಾರ ಸ್ವರ, ಸರಿಯುತ್ತಲೇ ಇರುತ್ತದೆ.

ಆ ಸರಿಯುವಿಕೆಯನ್ನು ಹಿಡಿಯಲು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ರ 'ಕೈಂಡ್ ಆಫ್ ಬ್ಲೂ' (1959) ಆಲ್ಬಂನ ಮೊದಲ ಹಾಡು 'ಸೋ ವಾಟ್' ಸಾಕು. ತಾಳಮದ್ದಳೆ (ವೇಷವಿಲ್ಲದ, ಮಾತಿನ ಯಕ್ಷಗಾನ) ಕೇಳುವವರಿಗೆ ಇದರ ಕಟ್ಟು ಬೇಗ ಹಿಡಿಸುತ್ತದೆ: ಮೊದಲು ಪದ್ಯ (ಇಲ್ಲಿ ಹಾಡಿನ ಧಾಟಿ), ಆಮೇಲೆ ಒಬ್ಬೊಬ್ಬರಾಗಿ ಅರ್ಥ (ಇಲ್ಲಿ ವಾದಕರ ಮನೋಧರ್ಮ). ಹೋಲಿಕೆ ಅಲ್ಲಿಗೆ ಮುಗಿಯಿತು. ಅರ್ಥಧಾರಿಗೆ ಲೆಕ್ಕದ ಹಂಗಿಲ್ಲ, ಜಾಝ್‌ನವನ ಕೆಳಗೆ ಪದ್ಯದ ಚೌಕಟ್ಟು ಸುತ್ತುತ್ತಲೇ ಇರುತ್ತದೆ. ಸುಮಾರು ಒಂದೂವರೆ ನಿಮಿಷಕ್ಕೆ ಸಿಂಬಲ್ (ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ) ಮೇಲೆ ಜಿಮ್ಮಿ ಕಾಬ್‌ರ ದೊಡ್ಡ ಪೆಟ್ಟು ಬಿದ್ದು ಟ್ರಂಪೆಟ್ ಶುರುವಾಗುತ್ತದೆ. ಅಲ್ಲಿಂದ ಒಂದು ಬೀಟಿಗೆ ಒಂದು ಅಕ್ಷರದಂತೆ ಆದಿತಾಳ ಹಾಕಿ, ಎಂಟು ಅಕ್ಷರಕ್ಕೆ ಒಂದು ಆವರ್ತನ. ಎಂಟು ಆವರ್ತನ ಬಿಳಿ ಎರಡು ಶ್ರುತಿಯಲ್ಲಿ (ಹಾರ್ಮೋನಿಯಂನ ಎರಡನೆಯ ಬಿಳಿ ಮನೆ) ಖರಹರಪ್ರಿಯ ರಾಗದ ಸ್ವರಗಳು. ಒಂಬತ್ತನೆಯದಕ್ಕೆ ಅದೇ ಸ್ವರಗಳು ಇಡಿಯಾಗಿ ಅರ್ಧ ಸ್ವರ ಮೇಲಿನ ಕಪ್ಪು ಎರಡಕ್ಕೆ ಏರುತ್ತವೆ. ನಾಲ್ಕು ಆವರ್ತನ ಅಲ್ಲಿದ್ದು, ಕೊನೆಯ ನಾಲ್ಕಕ್ಕೆ ಮತ್ತೆ ಬಿಳಿ ಎರಡು. ಒಟ್ಟು ಹದಿನಾರು, ಸುಮಾರು ಒಂದು ನಿಮಿಷ. ಡೇವಿಸ್‌ಗೆ ಇಂಥ ಎರಡು ಸುತ್ತು, ಆಲ್ಟೊಗಿಂತ ತಗ್ಗಿನ ಸ್ಯಾಕ್ಸೊಫೋನ್ ಆದ ಟೆನರ್‌ನಲ್ಲಿ ಕೋಲ್ಟ್ರೇನ್‌ಗೆ ಎರಡು, ಆಲ್ಟೊದಲ್ಲಿ ಆಡರ್ಲಿಗೆ ಎರಡು, ಪಿಯಾನೊದಲ್ಲಿ ಬಿಲ್ ಎವಾನ್ಸ್‌ಗೆ ಒಂದು. ರಾಗಭಾವ ಹುಡುಕಬೇಡಿ, ಸಿಗುವುದಿಲ್ಲ. ಆ ಏರುವ ಜಾಗವನ್ನು ಪ್ರತಿಯೊಬ್ಬರೂ ಹೇಗೆ ದಾಟುತ್ತಾರೆ ಎಂಬುದರಲ್ಲೇ ಸ್ವಾರಸ್ಯ.

ಶ್ರುತಿ ಆ್ಯಪ್ ಇಟ್ಟುಕೊಂಡು ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ. 1959ರ ಮಾರ್ಚ್ 2ರ ಧ್ವನಿಮುದ್ರಣದಲ್ಲಿ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತ್ತು. ಅದನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಶ್ರುತಿ ಏರುತ್ತದೆ, ಅದರಿಂದ ಹಳೆಯ ಎಲ್‌ಪಿಗಳ ಮೊದಲ ಬದಿಯ ಮೂರೂ ಹಾಡುಗಳು ತುಸು ಏರಿದ ಶ್ರುತಿಯಲ್ಲಿವೆ. ತಪ್ಪು ನಿಮ್ಮ ಕಿವಿಯದ್ದಲ್ಲ. 1990ರ ದಶಕದ ಮರುಮುದ್ರಣಗಳಲ್ಲಿ ಇದನ್ನು ಸರಿಪಡಿಸಿದ್ದಾರೆ.

ಫೋನಿನ ಸ್ಪೀಕರ್‌ನಲ್ಲಂತೂ ದಯವಿಟ್ಟು ಕೇಳಬೇಡಿ ಮಾರಾಯ್ರೆ. ಈ ಹಾಡಿನಲ್ಲಿ ಪದ್ಯ ಹೇಳುವುದೇ ಪಾಲ್ ಚೇಂಬರ್ಸ್‌ರ ಡಬಲ್ ಬಾಸ್. ಉಳಿದವರು ಎರಡೇ ಎರಡು ಪೆಟ್ಟಿನಲ್ಲಿ ಹೂಂಗುಟ್ಟುತ್ತಾರೆ. ಆ ವಾದ್ಯದ ಕೆಳತಂತಿ ಸುಮಾರು 41 ಹರ್ಟ್ಸ್, ಸಣ್ಣ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದಿಲ್ಲ. ಪ್ರಶ್ನೆ ಮಾಯವಾಗಿ ಉತ್ತರ ಮಾತ್ರ ಕೇಳುತ್ತದೆ. 'ಒಂದೇ ಥರ ಉಂಟಲ್ಲ' ಎನ್ನುವವರಲ್ಲಿ ಹೆಚ್ಚಿನವರ ಸಮಸ್ಯೆ ಇಷ್ಟೇ. ಸಾಧಾರಣ ಇಯರ್‌ಫೋನ್ ಆದರೂ ಸಾಕು.

ಲಯದ ಹುಚ್ಚಿರುವವರಿಗೆ ಎಲ್ಲರೂ ಪಿಯಾನೊ ವಾದಕ ಡೇವ್ ಬ್ರೂಬೆಕ್‌ರ 'ಟೈಮ್ ಔಟ್' (1959) ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ 'ಟೇಕ್ ಫೈವ್'ಗೆ ಐದು ಎಣಿಕೆಯ ಖಂಡ ಚಾಪು ತಾಳ ಹಾಕಿದರೆ ಕೈ ತಪ್ಪುತ್ತದೆ. ಚಾಪು ತಕ-ತಕಿಟ (2+3), ಇದು ತಕಿಟ-ತಕ (3+2). ಡ್ರಮ್ಸ್ ತನಿ (ಲಯವಾದ್ಯದ ಪಾಳಿ) ಬಂದಾಗ ಪಿಯಾನೊ ಬಿಡದೆ ಹಿಡಿದ ತುಣುಕನ್ನೇ ನೆಚ್ಚಿಕೊಳ್ಳಿ. 'ಬ್ಲೂ ರೊಂಡೊ ಆ ಲಾ ಟರ್ಕ್' ಇನ್ನೂ ಚೆಂದ: ಮೂರು ಸಲ ತಕ-ತಕ-ತಕ-ತಕಿಟ, ನಾಲ್ಕನೆಯ ಸಲ ತಕಿಟ-ತಕಿಟ-ತಕಿಟ. ಇದರ ಅಪಾಯವೆಂದರೆ ಜಾಝ್ ಎಂದರೆ ಬರೀ ಲೆಕ್ಕ ಎಂದುಕೊಂಡು, ಉಳಿದ ನಾಲ್ಕು ಬೀಟಿನ ನಡೆ ಸಪ್ಪೆ ಎನಿಸುವುದು. ಆದ್ದರಿಂದ ಬೆನ್ನಿಗೇ ಡ್ರಮ್ಸ್ ವಾದಕ ಆರ್ಟ್ ಬ್ಲೇಕಿಯವರ 'ಮೋನಿನ್' (1958) ಕೊಡುತ್ತೇನೆ. ಚೆಂಡೆಯ ಪೆಟ್ಟಿಗೆ ಮೈಮರೆಯುವವರು ಬ್ಲೇಕಿಯನ್ನು ಬಿಡುವುದಿಲ್ಲ. ತಾಳ ಹಾಕುವಾಗ ಎರಡು ಮತ್ತು ನಾಲ್ಕನೆಯ ಬೀಟಿಗೆ ಕೈ ತಟ್ಟಿ, ಹೈ-ಹ್ಯಾಟ್ (ಕಾಲಿನಿಂದ ಬಡಿಯುವ ಜೋಡಿ ಸಿಂಬಲ್) ಬೀಳುವುದು ಅಲ್ಲೇ. ನಮ್ಮ ಕೈ ರೂಢಿಯಂತೆ ಸಮಕ್ಕೆ (ಮೊದಲ ಬೀಟಿಗೆ) ಎಳೆಯುತ್ತದೆ, ಎರಡು ದಿನ ಬೇಕು.

ಇಗರ್ಜಿಯ (ಚರ್ಚಿನ) ಗಾಯನ ತಂಡದಲ್ಲಿ ಹಾಡುವವರಿಗೆ ಇದೆಲ್ಲ ಸುತ್ತು ದಾರಿ. ಗಾಯಕಿ ಎಲ್ಲಾ ಫಿಟ್ಜ್‌ಜೆರಾಲ್ಡ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್‌ರ 1956ರ 'ಎಲ್ಲಾ ಆ್ಯಂಡ್ ಲೂಯಿ' ನೇರ ಕೊಡಬಹುದು.

ಬಿಲ್ ಎವಾನ್ಸ್‌ರ 'ವಾಲ್ಟ್ಸ್ ಫಾರ್ ಡೆಬಿ' ಹೇಳುವಾಗ ಯಾವ ಆವೃತ್ತಿ ಎಂದೂ ಹೇಳಬೇಕು. 1961ರ ಜೂನ್ 25ರಂದು ಕ್ಲಬ್ಬಿನಲ್ಲಿ ಮುದ್ರಿಸಿದ್ದು, ಗ್ಲಾಸಿನ ಸದ್ದೂ ಕೇಳುತ್ತದೆ. ಸಿಡಿಯಲ್ಲಿ ಒಂದೇ ಹಾಡಿನ ಎರಡು ಟೇಕ್ (ಮತ್ತೆ ನುಡಿಸಿದ ಮುದ್ರಣ) ಬೆನ್ನುಬೆನ್ನಿಗೆ ಬಂದು ಹೊಸಬರಿಗೆ ಬೇಸರ ಹುಟ್ಟಿಸುತ್ತವೆ. ಎಲ್‌ಪಿಯಲ್ಲಿದ್ದ ಆರು ಹಾಡುಗಳನ್ನಷ್ಟೇ ಜೋಡಿಸಿ ಕೊಡುತ್ತೇನೆ.

ಜಾನ್ ಕೋಲ್ಟ್ರೇನ್‌ರ 'ಅ ಲವ್ ಸುಪ್ರೀಮ್' ಕೊನೆಗೆ. 1964ರ ಡಿಸೆಂಬರ್ 9ರಂದು ಮುದ್ರಿಸಿದ ನಾಲ್ಕು ಭಾಗ, ಸುಮಾರು 33 ನಿಮಿಷ. ತುಂಡು ಮಾಡಿ ಕೇಳುವಂಥದ್ದಲ್ಲ. ಮೊದಲ ಭಾಗದಲ್ಲಿ ಬಾಸ್ ಹಿಡಿಯುವ ನಾಲ್ಕು ಸ್ವರಗಳನ್ನು ಗುರುತು ಹಾಕಿಕೊಳ್ಳಿ. ನಾಲ್ಕನೆಯ ಭಾಗ 'ಸಾಮ್'ನಲ್ಲಿ (ಇಂಗ್ಲಿಷಿನಲ್ಲಿ ಸ್ತೋತ್ರ) ತಾಳವಿಲ್ಲ. ಎಲ್‌ಪಿ ಹೊದಿಕೆಯ ಒಳಗೆ ಅಚ್ಚಾದ ಕೋಲ್ಟ್ರೇನ್‌ರ ಪ್ರಾರ್ಥನೆಯನ್ನೇ ಸ್ಯಾಕ್ಸೊಫೋನ್ ಮಾತು ಮಾತಾಗಿ ನುಡಿಯುತ್ತದೆ, ಸಾಹಿತ್ಯ ಮನಸ್ಸಿನಲ್ಲಿಟ್ಟು ಕೀರ್ತನೆ ನುಡಿಸುವ ಹಾಗೆ. ಆ ಪ್ರಾರ್ಥನೆಯನ್ನು ಎದುರಿಗಿಟ್ಟು ಸಾಲು ಸಾಲಾಗಿ ಓದುತ್ತ ಕೇಳಿ.